ಓನರಮ್ಮ ಅತ್ತ ಸಿನಿಮಾ

ಬಾಡಿಗೆಗಿದ್ದವರನ್ನು ಓನರಮ್ಮ ಸಿನಿಮಾ ನೋಡೋಕೆ ಮೇಲಿನಿಂದ ಕೂಗಿದರೆ ಹೋಗದೆ ಇರೋಕಾಗುತ್ತಾ? ಬೋಗಾದಿಯ ಆ ಮನೆಯನ್ನು ಒಡೆದು ಮೂರು ಅಂತಸ್ತು ಕಟ್ಟಿಸುತ್ತೀವಿ, ಖಾಲಿ ಮಾಡಿ ಅಂತ ಆಗಲೇ ಹೇಳಿದ್ದರು. ನಮ್ಮತ್ತೆ ಸೊಂಟ ಮುರಿದುಕೊಂಡು ಮಲಗಿದ್ದರು, ಮೆಟ್ಟಿಲು ಹತ್ತುವ ಹಾಗಿರಲಿಲ್ಲ. ಎಷ್ಟು ಅಲೆದರೂ ನೆಲಮಹಡಿಯ ಮನೆ ಸಿಕ್ಕಿರಲಿಲ್ಲ. ಇನ್ನು ನನಗಿದ್ದ ದಿಕ್ಕು ಆಷಾಢವೊಂದೇ. ಆಷಾಢದಲ್ಲಿ ಯಾರೂ ಮನೆ ಬದಲಾಯಿಸುವುದಿಲ್ಲ. ಅದು ಮುಗಿಯುವ ತನಕ ಇರಿ ಅಂದುಬಿಟ್ಟರೆ ಅಷ್ಟರಲ್ಲಿ ಎಲ್ಲಾದರೂ ಹುಡುಕಬಹುದಿತ್ತು.

ಐರ್ಲೆಂಡಿನ ಹಳೇ ಕಾಲದ ಸಿನಿಮಾ. ಹೊಲದಲ್ಲಿ ಆಲೂಗೆಡ್ಡೆಯೆಲ್ಲ ಕೊಳೆತು ಜನ ಹಸಿವಿನಿಂದ ಸಾಯುತ್ತಿದ್ದರೆ, ಜಮೀನ್ದಾರನ ಕಡೆಯವರು ಬಂದು ಒಕ್ಕಲಿನ ಮನೆಯ ಸೂರು ಕಿತ್ತರು. ಕಾಯಿಲೆ ಮುದುಕಿಯನ್ನು ಎತ್ತಿ ತಂದು ಹಿಮದಲ್ಲಿ ಕೂರಿಸಿದರು.

ಓನರಮ್ಮ ಹೋ ಅಂತ ಅತ್ತುಬಿಟ್ಟರು. "ಅಯ್ಯೋ ಪಾಪಿಗಳಾ! ಆ ಮುದುಕಿ ಎಲ್ಲಿಗ್ರೀ ಹೋಗ್ಬೇಕು? ಇವರಿಗೆ ಕರುಳೇ ಇಲ್ವಾ?" ಅವರ ತಂಗಿಯೂ ಸೆರಗಲ್ಲಿ ಮೂಗು ಒರೆಸಿಕೊಂಡರು. ಇಬ್ಬರ ಮಧ್ಯೆ ಸೋಫಾದಲ್ಲಿ ನಾನು, ತೊಡೆಯ ಮೇಲೆ ಕೋಡುಬಳೆ ತಟ್ಟೆ. ಏಳುವ ಹಾಗೂ ಇಲ್ಲ, ಕೂರುವ ಹಾಗೂ ಇಲ್ಲ. ನನಗೆ ಅಳು ಎಲ್ಲಿಂದ ಬರಬೇಕು? ಮೈಯೆಲ್ಲ ಉರಿಯುತ್ತಿತ್ತು. ಜೊತೆಗೆ, ನಾಚಿಕೆ ಬಿಟ್ಟು ಹೇಳುತ್ತೀನಿ, ಆಸೆಯೂ ಹುಟ್ಟಿತು.

ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ಸಿನಿಮಾ ಮುಗಿದದ್ದೇ ಕೇಳಿಬಿಟ್ಟೆ. "ಅಮ್ಮಾ, ಅತ್ತೆ ಸ್ಥಿತಿ ನಿಮಗೇ ಗೊತ್ತು. ಇನ್ನೇನು ಆಷಾಢ ಬಂತು..."

"ನಂಗೊತ್ತಿಲ್ವೇನ್ರೀ?" ನನ್ನ ಕೈ ಹಿಡಿದುಕೊಂಡರು. ಅವರ ಕೈ ಇನ್ನೂ ಒದ್ದೆಯಾಗಿತ್ತು. "ಆಷಾಢ ಬಂದ್ಬುಟ್ರೆ ನಿಮಗೇ ಕಷ್ಟ ಅಂತ ಜೋಯಿಸರನ್ನ ಆಗಲೇ ಕೇಳಿದೀನಿ. ಬರೋ ಗುರುವಾರ ಭಾಳ ಒಳ್ಳೇ ದಿನವಂತೆ. ಹೊಸ ಮನೇಲಿ ಉಕ್ಕಿಸೋಕೆ ಹಾಲು ನಾನೇ ಕೊಟ್ಟು ಕಳಿಸ್ತೀನಿ."

"ಮನೇನೇ ಸಿಕ್ಕಿಲ್ವಲ್ಲಮ್ಮ!"

"ಸಿಗುತ್ತೆ ಬುಡ್ರೀ, ದೇವರಿದ್ದಾನೆ," ಅಂದು ಕಣ್ಣೊರೆಸಿಕೊಂಡರು. ಸುಳ್ಳು ಅಳುವಲ್ಲ ಅದು, ನಿಜವಾಗಿಯೇ ಅತ್ತಿದ್ದರು. ಅದಕ್ಕೇ, ಬೈಯೋಣ ಅಂದರೆ ಬೈಗುಳ ಹುಟ್ಟಲಿಲ್ಲ.

ಕೆಳಗೆ ಬಂದಾಗ ಅತ್ತೆ ಮಲಗಿದ್ದಲ್ಲಿಂದಲೇ ಬಾಗಿಲ ಕಡೆ ಕತ್ತು ಹೊರಳಿಸಿಕೊಂಡು ಕಾಯುತ್ತಿದ್ದರು. ಮುಖ ಅರಳಿತ್ತು.

"ಅವರು ಅಳ್ತಿದ್ದದ್ದು ಇಲ್ಲೀ ತನಕ ಕೇಳಿಸ್ತು ಕಣಮ್ಮ. ನನ್ನ ವಿಷಯ ಹೇಳ್ದೆ ಅಲ್ವಾ? ಪಾಪ, ಎಷ್ಟು ಒಳ್ಳೇ ಮನಸ್ಸು ನೋಡು. ಇರಿ ಅಂದ್ರಾ?"