ಕೊಳವೆ ಕಂಡದ್ದು

ನರ್ಸು ಗಂಟಲಿಗೆ ಔಷಧಿ ಸಿಂಪಡಿಸಿದಳು. ಕಹಿ ಹರಡಿ, ನಾಲಗೆ ನನ್ನದಲ್ಲವೆಂಬ ಹಾಗಾಯಿತು. "ಅಜ್ಜಿ, ಮರಗಟ್ಟಿರೋದು ಬಿಡೋವರೆಗೂ ನೀರು ಕುಡೀಬೇಡಿ, ನೆತ್ತಿಗೇರತ್ತೆ. ಹೊಟ್ಟೆ ನೋಡೋ ಕೊಳವೆ ಒಳಗೆ ಹೋಗ್ವಾಗ ಮೂಗಲ್ಲಿ ಉಸಿರಾಡಿ," ಎಂದಳು. ಈಗ ಎಷ್ಟೆಲ್ಲ ಹೇಳುತ್ತಾರೆ ನೋಡಿ. ನನಗೇನು ಭಯ ಎಂದು ಮಗನೆದುರು ಜಂಬ ಕೊಚ್ಚಿ ಬಂದವಳು, ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ. ಆಗ ನೆನಪಾದವರು ನನ್ನ ಅತ್ತೆ.

ಅರವತ್ತರ ದಶಕದಲ್ಲಿ ನಾನು ಚಿಂತಾಮಣಿಗೆ ಸೊಸೆಯಾಗಿ ಹೋದೆ. ಅತ್ತೆ ಗಟ್ಟಿ ಹೆಂಗಸು. ಅವರು ಮುದ್ದೆ ತಿರುವಲು ಕೂತರೆ ಕೋಲೇ ಸೋಲಬೇಕು. ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇದ್ದಿರಬಹುದು. ಅವರಿಗೇ ಮುದ್ದೆ ಇಳಿಯದಾಯಿತು. ಆಮೇಲೆ ಅನ್ನ. ಕೊನೆಗೆ ಗಂಜಿಯನ್ನೂ ಕಣ್ಣು ಮುಚ್ಚಿ ಗುಟುಕರಿಸುತ್ತಿದ್ದರು. ಬೆಂಗಳೂರಿಗೆ ಕರೆದೊಯ್ದು ಒಳಗೆ ಕೊಳವೆ ಬಿಟ್ಟು ನೋಡಿಸಿ ಎಂದು ಊರಿನ ಡಾಕ್ಟರು ಮಾವನಿಗೆ ಹೇಳಿದರು. ಮಾವ ಅತ್ತೆಗೆ ಹೇಳಿದ್ದು, "ಸುಮ್ನೆ ಒಂದು ಪರೀಕ್ಷೆ ಕಣೇ, ನಾಳೆ ಹೋಗಣ," ಎಂದಷ್ಟೇ.

ಪಕ್ಕದ ಮನೆಯ ರಹಮತ್‌ಬಿಯ ಗಂಡ ರೇಷ್ಮೆ ವ್ಯಾಪಾರಿ. ಅವರೂ ಒಮ್ಮೆ ಆ ಕೊಳವೆ ನುಂಗಿ ಬಂದಿದ್ದರು. ಅತ್ತೆ ಹಿತ್ತಿಲ ಗೋಡೆಗೆ ಒರಗಿ ರಹಮತ್‌ಬಿಯನ್ನು ವಿಚಾರಿಸಿದರು.

"ರಾತ್ರಿಯಿಂದ ಏನೂ ತಿನ್ಬೇಡ ಅಕ್ಕಾ, ನೀರು ಬಿ ಬೇಡ. ಎಡಗಡೆ ಮಲಗಿಸ್ತಾರೆ, ತಲೆ ಒಬ್ರು ಹಿಡ್ಕೊಂತಾರೆ. ಕೊಳವೆ ದಪ್ಪ ಐತೆ, ಸುಳ್ಳು ಯಾಕೆ ಹೇಳ್ಲಿ. ತುದೀಲಿ ಒಂದು ದೀಪ. ಮಾತು ಬರಲ್ಲ, ತಡಿಯಕ್ಕಾಗ್ದಿದ್ರೆ ಕೈ ಎತ್ತು."

ಅತ್ತೆಯ ಮುಖ ಬಿಳುಚಿತು. ಆದರೂ, "ಒಬ್ರಾದ್ರೂ ಹೇಳಿದ್ರಲ್ಲಮ್ಮ," ಎಂದರು.

ಬೆಂಗಳೂರಿನ ಆಸ್ಪತ್ರೆಗೆ ನಾನೂ ಜೊತೆಗೆ ಹೋಗಿದ್ದೆ. ಅತ್ತೆ ಒಳಗೆ ನಡೆದುಕೊಂಡೇ ಹೋದರು. ಹೊರಬಂದಾಗ ತುಟಿ ಊದಿತ್ತು, ದನಿ ಬಿದ್ದುಹೋಗಿತ್ತು. ದೊಡ್ಡ ಡಾಕ್ಟರು ಮಾವನನ್ನು ಮಾತ್ರ ಜಗಲಿಯ ಕೊನೆಗೆ ಕರೆದೊಯ್ದರು. ಮಾವ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾ ಬಂದು, "ಹುಣ್ಣಂತೆ, ಔಷಧಿ ಕೊಟ್ಟವ್ರೆ," ಎಂದರು.

ಬಸ್ಸಿನಲ್ಲಿ ಅತ್ತೆ ನನ್ನ ಕಿವಿಗೆ ಬಾಗಿದರು. "ಒಳಗೆ ದೀಪ ಹಚ್ಚಿ ನೋಡಿದ್ರಲ್ಲ, ಏನ್ ಕಂಡ್ರಂತೆ?"

"ನಂಗೂ ಗೊತ್ತಿಲ್ಲ ಅತ್ತೆ." ನಿಜಕ್ಕೂ ಗೊತ್ತಿರಲಿಲ್ಲ. ಸೊಸೆಗೆ ಯಾರು ಹೇಳುತ್ತಾರೆ?

"ನುಂಗಿದ್ದು ನಾನು, ಹೇಳಿದ್ದು ಅವರಿಗೆ," ಎಂದು ಕಿಟಕಿಯ ಕಡೆ ತಿರುಗಿದರು.

ಮತ್ತೆ ಮತ್ತೆ ಮಾವನನ್ನು ಕೇಳಿದರು. ಕೇಳಿದಾಗಲೆಲ್ಲ ಮಾವ ಹೆಗಲಿಗೆ ಟವೆಲು ಹಾಕಿಕೊಂಡು ತರಕಾರಿ ಮಂಡಿಗೆ ಹೊರಟುಬಿಡುತ್ತಿದ್ದರು. ಅಂಬಾಜಿದುರ್ಗದ ಬುಡದ ಹಳ್ಳಿಯಲ್ಲಿ ಅತ್ತೆಯ ಅಕ್ಕ ಇದ್ದರು. ಏನೋ ಮನಸ್ತಾಪವಾಗಿ ಇಬ್ಬರಿಗೂ ಮಾತು ನಿಂತು ವರ್ಷಗಳಾಗಿದ್ದವು. "ಒಂದ್ಸಲ ಹೋಗಿ ನೋಡ್ಕೊಂಡು ಬರ್ತೀನಿ," ಎಂದರು ಅತ್ತೆ. "ಮೊದ್ಲು ವಾಸಿಯಾಗ್ಲಿ," ಎಂದರು ಮಾವ. ಅತ್ತೆಯೂ ನಂಬಿದರು, ಅಥವಾ ನಂಬಿದಂತೆ ಇದ್ದರು. ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು.

ಮಣ್ಣಿಗೆ ಬಂದ ಅತ್ತೆಯ ಅಕ್ಕ ಅಳಲಿಲ್ಲ. ಮಾವನ ಮುಂದೆ ನಿಂತು, "ಗೊತ್ತಿದ್ರೆ ನಾನೇ ಬರ್ತಿದ್ನಲ್ಲಪ್ಪ," ಎಂದರು. ಮಾವ ತಲೆ ಎತ್ತಲಿಲ್ಲ. "ಹೇಳಿದ್ರೆ ಎದೆ ಒಡ್ಕೊಂತಾಳೆ ಅನ್ಕೊಂಡೆ," ಎಂದು ಬಿಕ್ಕಿದರು. ಅವರದೂ ಪ್ರೀತಿಯೇ. ಅದನ್ನು ನಾನು ಇವತ್ತಿಗೂ ಅಲ್ಲಗಳೆಯಲಾರೆ.

ಇವತ್ತು ನನಗೆ ಬಿಟ್ಟ ಕೊಳವೆ ಬೆರಳಿಗಿಂತ ಸಣ್ಣದು. ಎರಡು ಸಲ ಓಕರಿಸುವಷ್ಟರಲ್ಲಿ ಮುಗಿಯಿತು. ಡಾಕ್ಟರು ಪರದೆಯನ್ನೇ ಸ್ವಲ್ಪ ಹೊತ್ತು ನೋಡಿ, "ಅಜ್ಜಿ ಹೊರಗೆ ಕೂತಿರ್ಲಿ, ನೀವು ಬನ್ನಿ," ಎಂದು ಬಾಗಿಲಲ್ಲಿ ನಿಂತಿದ್ದ ಮಗನನ್ನು ಕರೆದರು.

ಎದ್ದವಳು ಬಾಗಿಲ ಕಡೆ ಹೋಗಲಿಲ್ಲ. "ನನಗೂ ಒಂದು ಕುರ್ಚಿ ಹಾಕ್ಸಿ ಡಾಕ್ಟ್ರೇ," ಎಂದೆ. ಮರಗಟ್ಟಿದ ನಾಲಗೆ, ಮಾತು ತೊದಲಿತು. ಡಾಕ್ಟರು ಮಗನ ಮುಖ ನೋಡಿದರು. ಮಗ ನೆಲ ನೋಡಿದ. ಆಮೇಲೆ ತಾನೇ ಒಂದು ಕುರ್ಚಿ ಎಳೆದು, ನನ್ನ ತೋಳು ಹಿಡಿದು ಕೂರಿಸಿದ.