ಅಪ್ಪನ ಬೋರ್‌ವೆಲ್ಲು, ತಮ್ಮನ ಪಾಚಿ

ನೀರಿನ ವಿಷಯದಲ್ಲಿ ನಮ್ಮಪ್ಪ ಮುದ್ದಯ್ಯನಿಗೆ ಎದುರು ಮಾತಾಡಿದವರು ಪಾಂಡವಪುರದ ಸುತ್ತಿನಲ್ಲಿ ಯಾರೂ ಇಲ್ಲ. ಮೂವತ್ತೆರಡು ವರ್ಷ ನಾಲೆಯ ನೀರುಗಂಟಿಯಾಗಿ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸಿದ ಮನುಷ್ಯ. ಬೊಗಸೆ ನೀರು ಕುಡಿದು ಯಾವ ಕೆರೆಯದು ಎಂದು ಹೇಳುತ್ತಿದ್ದ. ನಿಜವೋ ಸುಳ್ಳೋ, ಪರೀಕ್ಷೆ ಮಾಡಿದವರಾರು! ಕೆಲಸ ಬಿಟ್ಟ ಮೇಲೆ ನಮ್ಮ ಕಬ್ಬಿನ ಗದ್ದೆಯ ಬದಿಯಲ್ಲಿ ತಾನೇ ಜಾಗ ತೋರಿಸಿ ಬೋರ್‌ವೆಲ್ ಕೊರೆಸಿದ. ಊರಿಗೆ ಶುದ್ಧ ನೀರಿನ ಘಟಕ ಬಂದರೂ ಅಲ್ಲಿಯ ನೀರನ್ನು ಮನೆಯಲ್ಲಿ ಯಾರಿಗೂ ಕುಡಿಯಲು ಬಿಡಲಿಲ್ಲ.

"ಅದು ಸತ್ತ ನೀರು ಕಣವ್ವ. ಊರಿಗೆಲ್ಲಾ ನೀರು ಬುಟ್ಟೋನು ನಾನು, ನಂಗೆ ಯೋಳ್ಕೊಡ್ತಾರಾ?"

ಹೋದ ವರ್ಷ ನಾನು ಬಾಣಂತನಕ್ಕೆ ತವರಿಗೆ ಬಂದಾಗ, ನಡುಮನೆಯಲ್ಲಿ ಟಿವಿ ಇದ್ದ ಜಾಗದಲ್ಲಿ ಸಮುದ್ರ ಕೂತಿತ್ತು. ತಮ್ಮ ರಾಹುಲನ ಹುಚ್ಚು. ಶ್ರೀರಂಗಪಟ್ಟಣದ ಹೋಟೆಲಿನಲ್ಲಿ ಕೆಲಸಕ್ಕಿದ್ದ ಅವನು ಅಲ್ಲಿಯ ಮೀನಿನ ತೊಟ್ಟಿಗೆ ಮರುಳಾಗಿ, ತಾನೂ ಒಂದು ಗಾಜಿನ ತೊಟ್ಟಿ ತಂದು, ಆ ಘಟಕದ ಕ್ಯಾನ್ ನೀರಿಗೆ ಸಮುದ್ರದ ಉಪ್ಪು ಬೆರೆಸಿ, ಕಲ್ಲಿನ ಮೇಲೆ ಜೀವಂತ ಹವಳ ಕೂರಿಸಿ ಎರಡು ಕಿತ್ತಳೆ ಮೀನು ಬಿಟ್ಟಿದ್ದ.

ಮೂರನೇ ವಾರಕ್ಕೆ ಪಾಚಿ ಬಂತು. ಮೊದಲು ಮರಳಿನ ಮೇಲೆ ಕಂದು ಪುಡಿ.

"ಹೊಸ ತೊಟ್ಟೀಲಿ ಬತ್ತದೆ ಅಕ್ಕ, ತಾನೇ ಹೋಯ್ತದೆ," ಎಂದ ರಾಹುಲ.

ಹೋಗಲಿಲ್ಲ. ಹಸಿರು ಕೂದಲಾಗಿ ಬೆಳೆದು ಹವಳಗಳನ್ನು ಮುಚ್ಚಿತು. ಲೈಟು ಕಡಿಮೆ ಮಾಡಿದ, ಮೀನಿಗೆ ಒಪ್ಪತ್ತು ಮಾತ್ರ ತಿಂಡಿ ಹಾಕಿದ, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ. ನಾಲ್ಕು ದಿನಕ್ಕೆ ಮತ್ತೆ ಅಷ್ಟೇ. ಹವಳಗಳು ಒಂದೊಂದಾಗಿ ಬೆಳ್ಳಗಾಗಿ ಸತ್ತವು. ಎದುರಿಗೆ ಕೂತು ಮಗುವಿಗೆ ಹಾಲು ಕುಡಿಸುವಾಗ ಆ ಹಸಿರು ಕಾಣದಂತೆ ನಾನು ತಿರುಗಿ ಕೂರುತ್ತಿದ್ದೆ. ಏನೋ ಭಯ. ಯಾಕೆಂದು ಆಗ ಗೊತ್ತಿರಲಿಲ್ಲ.

ನನ್ನ ಎದೆಹಾಲು ಸಾಲದೆ ಡಾಕ್ಟರು ಪುಡಿ ಹಾಲು ಬರೆದಿದ್ದರು. ಅದಕ್ಕೆ ಬೋರಿನ ನೀರು ಕಾಯಿಸುವ ಕೆಲಸವನ್ನು ಅಪ್ಪ ಯಾರಿಗೂ ಬಿಟ್ಟುಕೊಡಲಿಲ್ಲ. ಒಂದು ಕುದಿ ಸಾಲದೆಂದು, ಪಾತ್ರೆಯ ನೀರು ಅರ್ಧಕ್ಕೆ ಇಳಿಯುವ ತನಕ ಕುದಿಸಿ ಫ್ಲಾಸ್ಕಿಗೆ ತುಂಬುತ್ತಿದ್ದ. ಎಂಥ ತಾತ ಎಂದು ನಾನು ಬೀಗುತ್ತಿದ್ದೆ.

ಎರಡು ತಿಂಗಳಾಗುವಷ್ಟರಲ್ಲಿ ಮಗು ಅಳುವುದನ್ನೇ ಮರೆಯಿತು. ಕುಡಿದರೆ ನಿದ್ದೆ, ಎದ್ದರೂ ಮಂಪರು. "ಎಂಥಾ ಸಾಧು ಕೂಸು," ಎಂದು ಅವ್ವ ದೃಷ್ಟಿ ತೆಗೆದಳು. ತುಟಿ, ಉಗುರು ಕಪ್ಪಾಗುತ್ತಿವೆ ಎಂದು ನಾನು ತೋರಿಸಿದರೆ ಅಪ್ಪ ತನ್ನ ಕಪ್ಪು ತೋಳನ್ನು ಮಗುವಿನ ಪಕ್ಕಕ್ಕೆ ಹಿಡಿದು ನಕ್ಕ.

"ನನ್ನ ಬಣ್ಣ ಬತ್ತಾ ಅದೆ ಕಣವ್ವ! ನಿನ್ನ ಗಂಡನ ಕಡೆಯೋರು ಬೇಜಾರ್ ಮಾಡ್ಕಂಡ್ರೆ ಮಾಡ್ಕಳ್ಳಿ."

ಎಲ್ಲರೂ ನಕ್ಕರು. ನಾನೂ ನಕ್ಕೆ, ನನ್ನ ಬಾಯಿಗೆ ಮಣ್ಣು ಹಾಕ.

ಮರುದಿನ ಬೆಳಿಗ್ಗೆ ರಾಹುಲ ನೀರು ಪರೀಕ್ಷೆ ಮಾಡುವ ಪೆಟ್ಟಿಗೆ ತಂದ. ಗೊಬ್ಬರದ ಅಂಶ ಇಲ್ಲದಿದ್ದರೆ ನೀರು ಹಳದಿ, ಇದ್ದರೆ ಕೆಂಪು. ತೊಟ್ಟಿಯ ನೀರು ಕೆಂಪಾಯಿತು.

"ಅಪ್ಪ, ನೀರು ಆರಿ ಕಮ್ಮಿಯಾದಾಗ ಕ್ಯಾನ್ ನೀರೇ ಹಾಕು ಅಂದಿದ್ನಲ್ಲ, ಏನು ಹಾಕ್ತಿದ್ದೆ?"

"ನಮ್ಮ ಬೋರಿಂದೇ ಕಣ್ಲಾ, ದಿನಾ ಒಂದು ಚೆಂಬು. ಆ ಸತ್ತ ನೀರಲ್ಲಿ ಮೀನು ಬದುಕ್ತವಾ?"

"ಅಯ್ಯೋ! ಕಬ್ಬಿಗೆ ನೀನು ಸುರಿಯೋ ಯೂರಿಯಾ ಎಲ್ಲಾ ಆ ಬೋರಿಗೇ ಇಳೀತದೆ. ನೀರು ಆರೋಯ್ತದೆ, ಗೊಬ್ಬರ ಇಲ್ಲೇ ಉಳೀತದೆ. ಅದನ್ನ ತಿಂದೇ ಈ ಪಾಚಿ ಕೊಬ್ಬಿರೋದು."

"ಬಾಯ್ಮುಚ್ಲಾ!" ಅಪ್ಪ ದಡದಡ ಹೋಗಿ ಬೋರಿನ ನಲ್ಲಿಯ ನೀರು ಹಿಡಿದು ತಂದ. "ಇದನ್ನ ನೋಡು, ಗೊತ್ತಾಯ್ತದೆ."

ಐದು ನಿಮಿಷಕ್ಕೆ ಅದೂ ಕೆಂಪಾಯಿತು.

ಅಪ್ಪ ಅಡುಗೆಮನೆಯಿಂದ ಫ್ಲಾಸ್ಕು ತಂದ. "ಇದು ಕಾಯ್ಸಿದ್ದು. ಇದ್ರಲ್ಲಿ ಏನೂ ಇರಾಕಿಲ್ಲ." ದನಿ ಇಳಿದಿತ್ತು.

ರಾಹುಲ ಅದನ್ನೂ ಪರೀಕ್ಷೆಗೆ ಇಟ್ಟ. ನೀರು ಆರಿಹೋಗುತ್ತದೆ, ಗೊಬ್ಬರ ಉಳಿಯುತ್ತದೆ. ಅರ್ಧಕ್ಕೆ ಇಳಿದ ಪಾತ್ರೆ ನನ್ನ ಕಣ್ಣ ಮುಂದೆ ಬಂತು. ನಲ್ಲಿ ನೀರಿಗಿಂತ ಫ್ಲಾಸ್ಕಿನ ನೀರೇ ಹೆಚ್ಚು ಕೆಂಪಾಗಿತ್ತು.

ಅಪ್ಪ ಮಗುವನ್ನೆತ್ತಿ ಬಾಗಿಲ ಬೆಳಕಿಗೆ ಒಯ್ದ. ತುಟಿ ನೇರಳೆಹಣ್ಣು ತಿಂದಂತಿತ್ತು.

"ಸಹನ, ಇದು ನನ್ನ ಬಣ್ಣ ಅಲ್ಲ ಕಣವ್ವ," ಎಂದು ನನ್ನ ಕಡೆ ತಿರುಗಿದ. "ಲೇ ರಾಹುಲ, ಕಾರು ತರ್ಸ್ಲಾ!"

ಮಂಡ್ಯದ ಆಸ್ಪತ್ರೆ ಸಿಗುವ ತನಕ ಅಪ್ಪ ಮುಂದಿನ ಸೀಟಿನಿಂದ ತಿರುಗಿ ತಿರುಗಿ ಒಂದೇ ಮಾತು: "ಅಳವ್ವ, ಒಂದ್ಸಲ ಅಳು." ಮಗು ಅಳಲಿಲ್ಲ. ನೀರಿನ ಗೊಬ್ಬರದಿಂದಾಗಿ ಮಗುವಿನ ರಕ್ತ ಉಸಿರಿನ ಆಮ್ಲಜನಕವನ್ನು ಹೊರುತ್ತಿಲ್ಲ ಎಂದರು ಅಲ್ಲಿಯ ಡಾಕ್ಟರು. ಸೂಜಿ ಚುಚ್ಚಿ ಔಷಧಿ ಕೊಟ್ಟರು. ಮಧ್ಯಾಹ್ನ ಎರಡನೇ ಸಲ ಚುಚ್ಚಿದಾಗ ಒಳಗಿನಿಂದ ಅಳು ಕೇಳಿಸಿತು. ಅದನ್ನು ಕೇಳಿ ಅಪ್ಪ ಗೋಡೆಗೊರಗಿ ನೆಲದ ಮೇಲೆ ಕೂತು ಹೋ ಎಂದು ಅತ್ತುಬಿಟ್ಟ.

ನರ್ಸಮ್ಮ ಒಂದು ಲೋಟ ನೀರು ತಂದುಕೊಟ್ಟರು. ಬೊಗಸೆ ನೀರಲ್ಲಿ ಕೆರೆಯ ಹೆಸರು ಹೇಳುತ್ತಿದ್ದ ಮನುಷ್ಯ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತಾ ಕೂತ.

"ಇದು ಎಲ್ಲೀ ನೀರವ್ವ?" ಎಂದು ಕೇಳಿದ. ಕುಡಿಯಲಿಲ್ಲ.