ಮೆಹರೀನಳ ಮೂವತ್ತು ದಿನ

ತಿಪಟೂರಿನ ಆ ತೆಂಗು ಬೆಳೆಗಾರರ ಸಂಘದಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಾದ ಜಾಗ ಎರಡಿದ್ದವು. ಒಂದು ದೇವರ ಪಟಗಳಿದ್ದ ಪಡಸಾಲೆ, ಇನ್ನೊಂದು ಸರ್ವರ್ ಇಟ್ಟ ಕೋಣೆ. ಎರಡನೆಯದಕ್ಕೆ ಆ ನಿಯಮ ಮಾಡಿದವಳು ಮೆಹರೀನ್. ಭಕ್ತಿಯಿಂದ ಮಾಡಿದ್ದಲ್ಲ, ಪಕ್ಕದ ಗೋದಾಮಿನ ಕೊಬ್ಬರಿ ದೂಳು ಕಾಲಿಗಂಟಿಕೊಂಡು ಬರಬಾರದೆಂದು ಮಾಡಿದ್ದು. ಅವಳು ಮದುವೆಯಾಗಿ ಹುಳಿಯಾರಿಗೆ ಹೋಗಿ ಮೂರು ವರ್ಷವಾದ ಮೇಲೂ ಜನ ಅಲ್ಲಿ ಚಪ್ಪಲಿ ಬಿಡುತ್ತಿದ್ದರು. ಅವಳು ಹೇಳಿಕೊಟ್ಟದ್ದರಲ್ಲಿ ಅವರು ಉಳಿಸಿಕೊಂಡಿದ್ದು ಅದೊಂದನ್ನೇ.

ಅವಳ ಅಪ್ಪ ಮುನಾವರ್ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಕಸುಬಿನವರು. ತೋಟದವರು ಮೋಟಾರು ಹೊತ್ತು ತಂದರೆ, ಅವರ ದೂರು ಕೇಳುವ ಮೊದಲು ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೂ ತುದಿಯನ್ನು ಬೇರಿಂಗಿಗೂ ಒತ್ತಿ ಮೋಟಾರಿನ ದೂರು ಕೇಳುತ್ತಿದ್ದರು. ಮಗಳಿಗೆ ಅವರು ಕಲಿಸಿದ ಪಾಠ ಒಂದೇ: ಚೆನ್ನಾಗಿರುವ ಯಂತ್ರಕ್ಕೆ ಹೇಳಿಕೊಳ್ಳಲು ಏನೂ ಇರುವುದಿಲ್ಲ. ಮೆಹರೀನ್ ತಿಪಟೂರಿನಲ್ಲೇ ಬಿ.ಎಸ್ಸಿ. ಮುಗಿಸಿ, ಕಂಪ್ಯೂಟರ್ ಕಲಿತು, ಎರಡು ಸಾವಿರದ ಮೂರರಲ್ಲಿ ಸಂಘಕ್ಕೆ ಸೇರಿದಳು. ಅದೇ ವರ್ಷ ಸಂಘಕ್ಕೆ ಸರ್ವರ್ ಬಂತು.

ಹೊಸ ಸರ್ವರನ್ನು ಮೊದಲ ಸಲ ಚಾಲೂ ಮಾಡಿದಾಗ ಅದು ಏನನ್ನೂ ಮಾಡುವುದಿಲ್ಲ. ಪರದೆಯ ಮೇಲೆ ಒಂದು ಪಟ್ಟಿ ತೋರಿಸಿ, ತನಗೆ ಯಾವ ಪಾತ್ರ ಕೊಡುತ್ತೀರಿ ಎಂದು ಕೇಳಿ ಸುಮ್ಮನಿರುತ್ತದೆ. ಎಲ್ಲರ ಕಡತಗಳನ್ನು ಒಂದೆಡೆ ಕಾಯುವ ಪಾತ್ರ, ಪ್ರಿಂಟರಿನ ಮುಂದೆ ಸರದಿ ನಿಲ್ಲಿಸುವ ಪಾತ್ರ, ಒಳಬರುವ ಪ್ರತಿ ಕಂಪ್ಯೂಟರಿಗೆ ವಿಳಾಸ ಹಂಚುವ ಪಾತ್ರ, ಬೆಳಗ್ಗೆ ಬಂದವರ ಗುರುತು ನೋಡಿ ಒಳಗೆ ಬಿಡುವ ಪಾತ್ರ. ಕೊಟ್ಟದ್ದನ್ನು ಮಾಡುತ್ತದೆ; ಕೊಡದಿದ್ದುದನ್ನು ತಾನಾಗಿ ಮೈಮೇಲೆ ಹಾಕಿಕೊಳ್ಳುವುದಿಲ್ಲ. ಮಾರಲು ಬಂದವನು ಎಲ್ಲವನ್ನೂ ಹಚ್ಚಿಬಿಡಿ ಮೇಡಂ, ದುಡ್ಡು ಕೊಟ್ಟಿದ್ದೀರಲ್ಲ ಎಂದ. ಮೆಹರೀನ್ ನಾಲ್ಕನ್ನೇ ಕೊಟ್ಟಳು. ಯಾರೂ ಓಡಾಡದ ಬಾಗಿಲನ್ನು ತೆರೆದಿಟ್ಟರೆ ಅದರಲ್ಲಿ ಬರುವವರು ನೆಂಟರಲ್ಲ ಎಂದಳು. ಅವಳಿಗೆ ಆಗ ಇಪ್ಪತ್ತೆರಡು ವರ್ಷ. ಹೀಗೆ ಒಂದು ಮಾತು ಹೇಳಿ, ಅದು ನಡೆದದ್ದು ಅವಳ ಬದುಕಿನಲ್ಲಿ ಅದೇ ಮೊದಲು.

ಸಂಘದ ಒಂಬತ್ತು ಕಂಪ್ಯೂಟರುಗಳಿಗೆ ಅವಳು ಸುತ್ತಲಿನ ಊರುಗಳ ಹೆಸರಿಟ್ಟಳು. ತೂಕದ ಮನೆಯದು ಸಂಪಿಗೆ, ಕಾರ್ಯದರ್ಶಿಯದು ಬೋರನಕಣಿವೆ, ಕೊಬ್ಬರಿಯ ದರ್ಜೆ ಕಟ್ಟುವವರದು ಹುಳಿಯಾರು. ಈ ಹುಳಿಯಾರು ಎಂಬುದು ಬಿಸಿಲು ಏರಿದರೆ ಸಂಪರ್ಕ ಕಡಿದುಕೊಳ್ಳುತ್ತಿತ್ತು. ‘ಹುಳಿಯಾರು ಮತ್ತೆ ಕೈಕೊಡ್ತು’ ಎಂದು ಅವಳು ದಿನಕ್ಕೊಮ್ಮೆ ಗೊಣಗುತ್ತಿದ್ದಳು. ಮರುವರ್ಷ ಗಂಡು ಗೊತ್ತಾಗಿದ್ದು ಹುಳಿಯಾರಿನವನು ಎಂದು ತಿಳಿದಾಗ ಸಂಘದಲ್ಲಿ ಒಂದು ವಾರ ಅದೇ ನಗೆ.

ಗಂಡ ವಾಸಿಫ್ ಟೈಲರ್. ಮನೆಯ ಮುಂಭಾಗವೇ ಅಂಗಡಿ. ಒಳ್ಳೆಯ ಮನುಷ್ಯ, ಕಡಿಮೆ ಮಾತು. ಅತ್ತೆ ನಸೀಮ್ ಬಾನು ಮಾತಾಡುತ್ತಿದ್ದರು, ಆದರೆ ನೋಯಿಸಲೆಂದು ಅಲ್ಲ. ಮಗಳು ಇಕ್ರಾ ಹುಟ್ಟಿದಳು. ಮೆಹರೀನ್ ಗುಂಡಿ ಹಚ್ಚಿದಳು, ಅಂಚು ಹೊಲಿದಳು. ಅವಳ ಮೇಲೆ ಯಾರೂ ಯಾವ ಅನ್ಯಾಯವನ್ನೂ ಮಾಡಲಿಲ್ಲ. ಆದ್ದರಿಂದಲೇ ತನಗೆ ಏನು ಬೇಕು ಎಂದು ಹೇಳಿಕೊಳ್ಳಲು ಅವಳಿಗೆ ದಾರಿ ಸಿಗಲಿಲ್ಲ. ಬೇಕಾಗಿದ್ದು ಆ ಕೋಣೆ. ಬರಿಗಾಲಿಗೆ ತಣ್ಣಗೆ ತಾಗುವ ನೆಲ, ಒಂದೇ ಶ್ರುತಿಯಲ್ಲಿ ತಿರುಗುವ ಫ್ಯಾನು, ಬಾಗಿಲಾಚೆಯಿಂದ ‘ಮೆಹರೀನ್ ಇದಾರೇನ್ರೀ?’ ಎಂದು ಯಾರೋ ಕೇಳುವುದು. ಹುಳಿಯಾರಿನಲ್ಲಿ ಅವಳನ್ನು ಕೇಳಿಕೊಂಡು ಬರುವವರು ಇದ್ದರು, ರವಿಕೆಯ ಅಳತೆಗೆ. ಬೆಳಗಿನ ಏಳೂಕಾಲಿನ ತಿಪಟೂರು ಬಸ್ಸು ಅಂಗಡಿಯ ಮುಂದೆಯೇ ಹಾದುಹೋಗುತ್ತಿತ್ತು. ಅದು ತಡವಾದ ದಿನ ಮನೆಯಲ್ಲಿ ಗೊತ್ತಾಗುತ್ತಿದ್ದುದು ಅವಳೊಬ್ಬಳಿಗೇ.

ಇತ್ತ ಸಂಘದಲ್ಲಿ ನಡೆದಿದ್ದು ಇದು. ನಮ್ಮ ಕಡೆ ಉಂಡೆ ಕೊಬ್ಬರಿ ಆಗಬೇಕಾದರೆ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹತ್ತಿಸಿ ಹನ್ನೊಂದು ತಿಂಗಳು ಬಿಡುತ್ತಾರೆ. ಮಗುಚುವುದಿಲ್ಲ, ಕದಲಿಸುವುದಿಲ್ಲ. ಒಳಗಿನ ನೀರು ತಾನಾಗಿ ಹಿಂಗಿ, ಕೊಬ್ಬರಿ ಕರಟದಿಂದ ಬಿಟ್ಟುಕೊಂಡಾಗ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಟಗಟ ಎನ್ನುತ್ತದೆ. ಸಂಘದವರು ಸರ್ವರನ್ನೂ ಹಾಗೆಯೇ ನೋಡಿಕೊಂಡರು. ಮೆಹರೀನ್ ಹೋದ ಮೇಲೆ, ಮುಟ್ಟದಿದ್ದರೆ ಕೆಡುವುದಿಲ್ಲ ಎಂದು ನಂಬಿ ಕೋಣೆಯ ಬಾಗಿಲು ಹಾಕಿದರು. ನಕಲು ತೆಗೆಯುವ ಟೇಪು ಬದಲಾಗಲಿಲ್ಲ. ಒಂದು ದೀಪ ಹಸಿರಿನಿಂದ ಹಳದಿಗೆ ತಿರುಗಿದ್ದನ್ನು ಕಂಡವರು, ಹಣ್ಣಾಗ್ತಾ ಅದೆ ಎಂದು ನಕ್ಕರು. ಕೊನೆಗೆ ಎರಡು ಸಾವಿರದ ಏಳರ ಶ್ರಾವಣದಲ್ಲಿ ಒಳಗಿನಿಂದ ಗಟಗಟ ಸದ್ದು ಶುರುವಾಯಿತು.

ಸದ್ದು ಕೇಳಲು ಚಿಕ್ಕರಂಗಯ್ಯನನ್ನು ಕರೆಸಿದರು. ಐವತ್ತು ವರ್ಷ ಕೊಬ್ಬರಿಯ ದರ್ಜೆ ಕಟ್ಟಿದ ಮುದುಕ. ತಿಪಟೂರಿನಲ್ಲಿ ಅವನ ಕಿವಿಗೆ ಎದುರಾಡುವವರಿರಲಿಲ್ಲ. ಅವನು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಸರ್ವರಿಗೆ ಕಿವಿಗೊಟ್ಟು ಸ್ವಲ್ಪ ಹೊತ್ತು ಕೂತು, ಹದಕ್ಕೆ ಬಂದದೆ, ಯೋಚನೆ ಬ್ಯಾಡ ಎಂದು ತೀರ್ಪು ಕೊಟ್ಟ. ಮೂರು ವಾರ ಎಲ್ಲರೂ ನೆಮ್ಮದಿಯಾಗಿದ್ದರು. ನಾಲ್ಕನೆಯ ವಾರ ಬೆಳಗ್ಗೆ ಕಂಪ್ಯೂಟರಿನಲ್ಲಿ ಹೆಸರು ಒತ್ತಿದವರು ಒಳಗೆ ಹೋಗಲು ಮಧ್ಯಾಹ್ನವಾಗತೊಡಗಿತು. ಆಗಷ್ಟೇ ಕೆಲಸಕ್ಕೆ ಸೇರಿದ್ದ ಕೃತಿಕಾ ಎಂಬ ಹುಡುಗಿ ಹೆದರಿ, ಕಪಾಟಿನಲ್ಲಿ ಹುಡುಕಿ, ಕನ್ನಡದಲ್ಲಿ ದುಂಡಗೆ ಬರೆದ ಹನ್ನೆರಡು ಹಾಳೆಗಳನ್ನು ಕಂಡುಹಿಡಿದಳು. ಕೆಳಗೆ ಮೆಹರೀನಳ ಸಹಿ ಇತ್ತು. ಮುನಾವರ್ ಅವರ ಅಂಗಡಿಗೆ ಹೋಗಿ ನಂಬರು ಪಡೆದು ಫೋನು ಮಾಡಿದಳು.

ವಾಸಿಫ್ ಹೋಗಿ ಬಾ ಎಂದ. ನಸೀಮ್ ಬಾನು ಮಗುವನ್ನು ಎತ್ತಿಕೊಂಡರು. ಏಳೂಕಾಲಿನ ಬಸ್ಸಿನಲ್ಲಿ ಕೂತು ಮೆಹರೀನ್ ಒಂಬತ್ತು ಕಂಪ್ಯೂಟರುಗಳ ವಿಳಾಸಗಳನ್ನು ಮನಸ್ಸಿನಲ್ಲೇ ಎಣಿಸಿದಳು. ಚಿಕ್ಕನಾಯಕನಹಳ್ಳಿ ದಾಟುವುದರೊಳಗೆ ಎರಡು ಸಲ ಎಣಿಸಿದ್ದಾಯಿತು. ಒಂದೂ ಮರೆತಿರಲಿಲ್ಲ.

ಕೋಣೆಯ ಬಾಗಿಲಲ್ಲೇ ಆ ಸದ್ದು ಕೇಳಿ ಅವಳಿಗೆ ಖಾತ್ರಿಯಾಯಿತು. ಸರ್ವರಿನಲ್ಲಿ ಎರಡು ಡಿಸ್ಕುಗಳಿದ್ದವು. ಒಂದರಲ್ಲಿ ಬರೆದದ್ದೆಲ್ಲ ಇನ್ನೊಂದರಲ್ಲೂ ಬರೆಯಲಿ ಎಂದು ಅವಳೇ ಜೋಡಿ ಕಟ್ಟಿದ್ದಳು. ಒಂದು ಸಾಯುತ್ತಿತ್ತು. ಇನ್ನೊಂದು ಏದುಸಿರು ಬಿಡದೆ ಇಬ್ಬರ ಕೆಲಸವನ್ನೂ ಮಾಡುತ್ತಿತ್ತು. ಮೊದಲು ಎಲ್ಲ ಕಡತಗಳ ನಕಲು ತೆಗೆದಳು. ಆಮೇಲೆ ಕೆಟ್ಟದ್ದನ್ನು ಹೊರಗೆಳೆದು, ತಾನು ಫೋನಿನಲ್ಲೇ ಅನುಮಾನಪಟ್ಟು ಹೇಳಿದ್ದರಿಂದ ಕೃತಿಕಾ ತುಮಕೂರಿನಿಂದ ತರಿಸಿಟ್ಟಿದ್ದ ಹೊಸದನ್ನು ಕೂರಿಸಿದಳು. ಉಳಿದದ್ದು ಕಾಯುವ ಕೆಲಸ. ಹಳೆಯದು ತನ್ನಲ್ಲಿದ್ದುದನ್ನು ಹೊಸದಕ್ಕೆ ಬರೆದು ಮುಗಿಸಲು ಐದು ಗಂಟೆ ಬೇಕಿತ್ತು.

ಚಿಕ್ಕರಂಗಯ್ಯ ಬಾಗಿಲಲ್ಲಿ ಬಂದು ನಿಂತ. ಅವನಿಗೆ ಅವಮಾನವಾಗಿತ್ತು.

“ಗಟಗಟ ಅಂದ್ರೆ ಹದಕ್ಕೆ ಬಂತು ಅಂತ ತಾನೆ ಕಣವ್ವ. ಇದ್ರ ನ್ಯಾಯ ಬ್ಯಾರೆ ಅಂತ ನಂಗೇನು ಗೊತ್ತು?”

“ನಿಮ್ಮ ಕಿವಿ ಸರಿಯಾಗೇ ಅದೆ ತಾತ,” ಎಂದಳು ಮೆಹರೀನ್. “ಒಳಗೆ ಬಿಟ್ಕೊಂಡಿದ್ದು ನಿಜ. ಬಿಟ್ಕೊಂಡ ಮೇಲೆ ಕಾಯಿ ಕೊಬ್ಬರಿ ಆಗ್ತದೆ, ಇದು ತಗಡಾಗ್ತದೆ ಅಷ್ಟೇ.”

ಅವನು ನಗಲಿಲ್ಲ. ಹೋಗಿ ಗೋದಾಮಿನ ಅಟ್ಟದಿಂದ ಒಂದು ಕಾಯಿ ತಂದು ಅವಳ ಚೀಲದ ಪಕ್ಕದಲ್ಲಿಟ್ಟ. ಯುಗಾದಿಗೆ ಹತ್ತಿಸಿದ್ದು, ಶಿವರಾತ್ರಿಗೆ ಬರ್ತದೆ, ಅಲ್ಲೀಗಂಟ ಒಡೀಬ್ಯಾಡ ಎಂದು ಹೇಳಿ ಹೋದ.

ಆ ಐದು ಗಂಟೆಯಲ್ಲಿ ಅವಳು ಕೃತಿಕಾಳಿಗೆ ಹನ್ನೆರಡೂ ಹಾಳೆಗಳನ್ನು ಓದಿಸಿದಳು. ಹುಡುಗಿ ಚುರುಕು. ಒಂಬತ್ತನೆಯ ಹಾಳೆಯಲ್ಲಿ ಕೆಲಸ ಬಿಟ್ಟವರ ಹೆಸರಿನ ವಿಷಯವಿತ್ತು: ಬಿಟ್ಟ ದಿನವೇ ಹೆಸರನ್ನು ತಡೆಹಿಡಿಯಬೇಕು, ಮೂವತ್ತು ದಿನದೊಳಗೆ ಅವರು ಮರಳಿ ಬಾರದಿದ್ದರೆ ಅಳಿಸಬೇಕು. ಕೃತಿಕಾ ಪರದೆಯಲ್ಲಿ ಹೆಸರುಗಳ ಪಟ್ಟಿ ತೆರೆದು ಒಂದೊಂದೇ ನೋಡುತ್ತ ಬಂದು, ಒಂದರ ಮೇಲೆ ನಿಂತಳು. ಮೆಹರೀನ್. ಕೊನೆಯ ಸಲ ಒಳಬಂದದ್ದು ಎರಡು ಸಾವಿರದ ನಾಲ್ಕು, ಏಪ್ರಿಲ್. ಮೂರು ವರ್ಷ ಆ ಹೆಸರು ತೆರೆದೇ ಇತ್ತು. ಅದರ ಕಡತಗಳು, ಅದರ ಹಕ್ಕುಗಳು ಎಲ್ಲ ಇಟ್ಟಲ್ಲೇ ಇದ್ದವು. ಈ ದಿನ ಬೆಳಗ್ಗೆಯಿಂದ ಅವಳು ಕೆಲಸ ಮಾಡಿದ್ದು ಆಡಳಿತಕ್ಕೆಂದೇ ಇರುವ ಸಾಮಾನ್ಯ ಹೆಸರಿನಿಂದ. ತನ್ನ ಹೆಸರನ್ನು ಒತ್ತಿಯೇ ನೋಡಿರಲಿಲ್ಲ.

ಇದನ್ನು ಅಳಿಸಿ, ಮುಂದೆ ನೀವು ಬಂದರೆ ಅದೇ ಹೆಸರು ಮತ್ತೆ ಬರೆದರಾಯಿತಲ್ಲ ಎಂದು ಕೃತಿಕಾ ಕೇಳಿದಳು. ಮೆಹರೀನ್ ವಿವರಿಸಿದಳು. ಸರ್ವರು ಹೆಸರನ್ನು ನೋಡುವುದಿಲ್ಲ. ಪ್ರತಿ ಹೆಸರಿನ ಹಿಂದೆ ಅದು ಒಂದು ಉದ್ದನೆಯ ಸಂಖ್ಯೆ ಬರೆದುಕೊಂಡಿರುತ್ತದೆ, ಕಡತಗಳೆಲ್ಲ ಆ ಸಂಖ್ಯೆಯನ್ನೇ ಗುರುತು ಹಿಡಿಯುವುದು. ಅಳಿಸಿದರೆ ಆ ಸಂಖ್ಯೆ ಮತ್ತೆ ಹುಟ್ಟುವುದಿಲ್ಲ. ಅದೇ ಅಕ್ಷರದಲ್ಲಿ ಅದೇ ಹೆಸರು ಬರೆದರೂ ಯಂತ್ರಕ್ಕೆ ಅವಳು ಹೊಸಬಳು. ತಡೆಹಿಡಿದರೆ ಹಾಗಲ್ಲ, ಒಂದು ಸಲ ಒತ್ತಿದರೆ ಎದ್ದು ಬರುತ್ತದೆ.

“ಹಂಗಾದ್ರೆ ಈಗ ಏನ್ ಮಾಡ್ಲಿ ಅಕ್ಕ?”

“ಹಾಳೆಯಲ್ಲಿ ಇರೋದನ್ನ ಮಾಡು. ಇವತ್ತು ತಡೆಹಿಡಿ. ಮೂವತ್ತು ದಿನ.”

ಕೃತಿಕಾ ಹಾಗೆಯೇ ಮಾಡಿದಳು. ಹೆಸರಿನ ಪಕ್ಕದಲ್ಲಿ ಸಣ್ಣ ಕೆಂಪು ಗುರುತು ಬಿತ್ತು.

ಸಂಜೆ ಹೊರಡುವಾಗ ಕಾರ್ಯದರ್ಶಿ ಏಕಾಂತಯ್ಯ ಕರೆದು ಕೂರಿಸಿದರು. ಸುತ್ತುಬಳಸಿ ಮಾತಾಡುವವರಲ್ಲ. ಹುಡುಗಿ ಒಬ್ಬಳೇ ಸಾಲದು, ವಾರಕ್ಕೆರಡು ದಿನ ನೀನು ಬರುವುದಾದರೆ ಸಂಘ ಒಪ್ಪುತ್ತದೆ, ಮನೆಯಲ್ಲಿ ಕೇಳಿ ತಿಂಗಳೊಳಗೆ ತಿಳಿಸು ಎಂದರು. ಮೆಹರೀನ್ ಕೇಳ್ತೀನಿ ಸರ್ ಎಂದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೇಳುವ ಮಾತನ್ನು ಜೋಡಿಸಿದಳು. ಮಂಗಳವಾರ, ಶುಕ್ರವಾರ. ಶುಕ್ರವಾರ ಬೇಡ, ಗುರುವಾರ. ಹೋಗುವುದು ಏಳೂಕಾಲಿಗೆ, ಬರುವುದು ಆರೂವರೆಗೆ. ಮಾತು ಚೆನ್ನಾಗಿ ಕೂಡಿ ಬಂತು.

ಮನೆಗೆ ಬಂದಾಗ ಇಕ್ರಾಳಿಗೆ ಜ್ವರವಿತ್ತು. ನಾಳೆ ಎಂದುಕೊಂಡಳು. ಮೂರನೆಯ ದಿನ ರಂಜಾನ್ ಶುರುವಾಯಿತು. ಹುಳಿಯಾರಿನ ಟೈಲರಿಗೆ ವರ್ಷದ ಅರ್ಧ ಕೆಲಸ ಆ ಒಂದು ತಿಂಗಳಲ್ಲೇ. ಕತ್ತರಿಸಿದ ಬಟ್ಟೆಯ ರಾಶಿ ಬಾಗಿಲವರೆಗೆ ಬಂತು. ಉಪವಾಸದ ಬಾಯಿಗೆ ಮಾತೇ ಭಾರ. ಸಂಜೆ ಖರ್ಜೂರ ತಿಂದು ನೀರು ಕುಡಿದ ಮೇಲೆ ವಾಸಿಫ್ ಮತ್ತೆ ಮಿಷನ್ನಿಗೆ ಕೂರುತ್ತಿದ್ದ. ಈಗ ಕೇಳಿದರೆ ಈ ರಾಶಿಯಿಂದ ತಪ್ಪಿಸಿಕೊಳ್ಳಲು ಕೇಳಿದಂತಾಗುತ್ತದೆ ಎಂದು ಅವಳಿಗೆ ಅನ್ನಿಸಿತು. ಹತ್ತು ದಿನವಾಯಿತು, ಇಪ್ಪತ್ತಾಯಿತು. ಯಾರೂ ಅವಳ ಬಾಯಿ ಕಟ್ಟಿರಲಿಲ್ಲ. ಕೇಳಲು ಸರಿಯಾದ ಹೊತ್ತು ಎಂಬುದೊಂದಿದೆ ಎಂದು ಕಾಯುವವರು ಸಾಮಾನ್ಯವಾಗಿ ಕೇಳುವುದೇ ಇಲ್ಲ. ಗುಂಡಿ ಹಚ್ಚುತ್ತ ಅವಳು ಆ ಕೋಣೆಯ ನೆಲವನ್ನು ಅಂಗಾಲಿನಲ್ಲಿ ನೆನೆಯುತ್ತಿದ್ದಳು. ದಿನಗಳನ್ನು ಮಾತ್ರ ತಪ್ಪದೆ ಎಣಿಸಿದಳು.

ಹಬ್ಬಕ್ಕೆ ಮೂರು ದಿನ ಇರುವಾಗ ಅಂಗಡಿಯ ಮೊಬೈಲು ಹೊಡೆದುಕೊಂಡಿತು. ವಾಸಿಫ್ ಎತ್ತಿ, ನಿನಗೆ ಎಂದು ಕೊಟ್ಟು, ಅವಳ ಪಕ್ಕದಲ್ಲೇ ಗುಂಡಿಯ ಕಾಜಾ ಹೊಲಿಯುತ್ತ ಕೂತ.

“ಅಕ್ಕ, ಇವತ್ತಿಗೆ ಮೂವತ್ತು,” ಎಂದಳು ಕೃತಿಕಾ. “ಏಕಾಂತಯ್ಯನೋರು ನಿಮ್ಮಿಂದ ಸುದ್ದಿ ಬರ್ಲಿಲ್ಲ ಅಂದ್ರು. ನಿಮ್ಮ ಹೆಸರು ಏನ್ ಮಾಡ್ಲಿ?”

“ಹಾಳೆಯಲ್ಲಿ ಏನಿದೆ?”

“ಅಳಿಸು ಅಂತ.”

“ಮತ್ತೆ ನನ್ನ ಯಾಕೆ ಕೇಳ್ತೀಯ?”

ಆ ಕಡೆಯಿಂದ ಸರ್ವರಿನ ಫ್ಯಾನು ಕೇಳುತ್ತಿತ್ತು. ಸದ್ದು ಸರಿಯಾಗಿತ್ತು, ಅದಕ್ಕೆ ಹೇಳಿಕೊಳ್ಳಲು ಏನೂ ಇರಲಿಲ್ಲ.

“ನೀವು ಬತ್ತೀರ ಅಂದ್ಕಂಡಿದ್ದೆ,” ಎಂದಳು ಹುಡುಗಿ.

ಇನ್ನೊಂದು ವಾರ ಬಿಡು ಎಂದರೆ ಕೃತಿಕಾ ಬಿಡುತ್ತಿದ್ದಳು. ಆದರೆ ನಿಯಮ ಬರೆದವಳೇ ತನ್ನ ಹೆಸರಿಗೆ ವಿನಾಯಿತಿ ಕೇಳಿದರೆ, ಆ ಹನ್ನೆರಡು ಹಾಳೆಗಳಲ್ಲಿ ಇನ್ನಾವುದನ್ನು ಹುಡುಗಿ ನಂಬುತ್ತಾಳೆ? ಮೆಹರೀನ್ ಅಳಿಸು ಎಂದಳು. ನಿಜವಾಗಿಯೂ ಅಳಿಸಬೇಕೇ ಎಂದು ಯಂತ್ರ ಒಂದು ಸಲ ಕೇಳುತ್ತದೆ. ಕೃತಿಕಾ ಅದನ್ನೂ ಓದಿ ಹೇಳಿದಳು. ಮೆಹರೀನ್ ಹೂಂ ಎಂದಳು.

ಫೋನು ಇಟ್ಟ ಮೇಲೆ ವಾಸಿಫ್ ಏನದು ಎಂದು ಕೇಳಿದ. ಅವಳು ಹೇಳಿದಳು. ಒಂದು ತಿಂಗಳು ಜೋಡಿಸಿಟ್ಟ ಮಾತು ಅರ್ಧ ನಿಮಿಷದಲ್ಲಿ ಮುಗಿಯಿತು. ಅವನು ದಾರ ಕಚ್ಚಿ ತುಂಡರಿಸಿ, ಮತ್ತೆ ಬರೆಸೋಕಾಗಲ್ವಾ ನಿನ್ನ ಹೆಸರು ಎಂದ.

“ಹೆಸರು ಬರೆಸಬಹುದು. ಅದು ನನ್ನ ಗುರುತು ಹಿಡಿಯಲ್ಲ.”

ವಾಸಿಫ್ ಕೈಯಲ್ಲಿದ್ದ ಕುರ್ತಾವನ್ನು ಮಡಿಸಿ ಪಕ್ಕಕ್ಕಿಟ್ಟ.

“ಹಬ್ಬ ಮುಗೀಲಿ,” ಎಂದ. “ನೋಡೋಣ.”

ಆ ಮನೆಯಲ್ಲಿ ಆ ಮಾತಿಗೆ ಆಗಲಿ ಎಂಬ ಅರ್ಥವೂ ಇರಲಿಲ್ಲ, ಬೇಡ ಎಂಬ ಅರ್ಥವೂ ಇರಲಿಲ್ಲ. ಮನೆಗೆ ಪಂಪು ಹಾಕಿಸುವ ವಿಷಯದಲ್ಲಿ ಅವನು ಹಾಗೆಂದು ಎರಡು ವರ್ಷವಾಗಿತ್ತು. ಇಕ್ರಾಳಿಗೆ ತೊಟ್ಟಿಲು ಬೇಕೆಂದಾಗಲೂ ಹಾಗೆಯೇ ಅಂದಿದ್ದ. ಅದು ಮಾತ್ರ ನಾಲ್ಕೇ ದಿನಕ್ಕೆ ಬಂದಿತ್ತು.

ಮೆಹರೀನ್ ಎದ್ದು ದಾರದ ಉಂಡೆ ತರಲು ಹೋದಳು. ದಾರದ ಗೂಡಿನಲ್ಲೇ ಚಿಕ್ಕರಂಗಯ್ಯನ ಕಾಯಿ ಇತ್ತು. ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಇನ್ನೂ ನೀರಿತ್ತು. ಅದನ್ನು ಇದ್ದಲ್ಲೇ ಇಟ್ಟು, ಬಿಳಿ ದಾರ ತೆಗೆದುಕೊಂಡು ಬಂದು, ಗುಂಡಿ ಹಚ್ಚಲು ಕೂತಳು.